ದಾರಿ ಕೊಡೋ ಮರ್ಯಾದೆ

ವಾಚನಾಲಯದ ಹುಡುಗರು ಬಂದು "ತಾತ, ಈ ಸಾರಿ ಪುಸ್ತಕಕ್ಕೆ ನೀವೂ ಒಂದು ಚರಿತ್ರೆ ಲೇಖನ ಬರೀಬೇಕು" ಅಂದಾಗ ನಾನು ನಕ್ಕುಬಿಟ್ಟೆ. ನಾನು ಓದಿದ್ದು ಏಳನೇ ಕ್ಲಾಸು. ಹಾಡು ಅಂದ್ರೆ ಬೆಳಗಿನವರೆಗೂ ಹಾಡ್ತೀನಿ, ಬರೆಯೋದು ಅಂದ್ರೆ ಕೈ ನಡುಗುತ್ತೆ. ರಾಜರ ಚರಿತ್ರೆ ಬರೆಯೋಕೆ ಮೇಷ್ಟ್ರುಗಳಿದ್ದಾರೆ. ನನಗೆ ಗೊತ್ತಿರೋದು ರಸ್ತೆ. ಈ ಹೊಸೂರು ರಸ್ತೆಯಲ್ಲಿ ಎತ್ತಿನ ಗಾಡಿ ಹೊಡೆದಿದ್ದೀನಿ, ಸೈಕಲ್ ತುಳಿದಿದ್ದೀನಿ, ಮೊಪೆಡ್ ಓಡಿಸಿದ್ದೀನಿ. ಆದ್ದರಿಂದ ರಸ್ತೆಯಲ್ಲಿ ಒಬ್ಬರಿಗೊಬ್ಬರು ದಾರಿ ಕೊಡೋ ಮರ್ಯಾದೆ ಹೇಗೆ ಬಂತು, ಹೇಗೆ ಕೆಟ್ಟಿತು ಅನ್ನೋದನ್ನೇ ಬರೆದಿದ್ದೀನಿ. ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮ ಕಡೆ ನೆಲ ಎರಡು ಅಂತಸ್ತಿನದು. ಕೃಷ್ಣಗಿರಿ ಸೀಮೆ ಕೆಳಗೆ, ಹೊಸೂರು, ತಳಿ, ಡೆಂಕಣಿಕೋಟೆ ಮೇಲೆ. ಕೆಳಗಿನದು ಬಾರಾಮಹಲ್, ಮೇಲಿನದು ಬಾಲಾಘಾಟ್. 1792ರಲ್ಲಿ ಟಿಪ್ಪು ಸುಲ್ತಾನ ಬಾರಾಮಹಲನ್ನು ಇಂಗ್ಲಿಷರಿಗೆ ಬಿಟ್ಟುಕೊಡಬೇಕಾಯಿತು. 1799ರಲ್ಲಿ ಅವನು ಸತ್ತಮೇಲೆ ನಮ್ಮ ಹೊಸೂರೂ ಅವರ ಕೈಗೆ ಹೋಯಿತು. ಸೈನ್ಯ ಹೋಗಿದ್ದೂ, ಸಂತೆ ಗಾಡಿ ಹೋಗಿದ್ದೂ ಈ ಏರು ದಾರಿಯಲ್ಲೇ. ಮೊರಪ್ಪೂರಿನಿಂದ ಧರ್ಮಪುರಿ ಮೇಲೆ ಹೊಸೂರಿಗೆ ಒಂದು ಸಣ್ಣ ರೈಲೂ ಇತ್ತಂತೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಅದು ನಿಂತುಹೋಯಿತು. ಆಮೇಲೆ ಬಹಳ ವರ್ಷ ನಮ್ಮೋರಿಗೆ ಗಾಡಿ, ಕಾಲು, ಬಸ್ಸು ಇಷ್ಟೇ.

ನಮ್ಮ ಅಪ್ಪ ಗಾಡಿ ಹೊಡೀತಿದ್ದ ಕಾಲದಲ್ಲಿ ಒಂದು ಕಟ್ಟುಪಾಡಿತ್ತು. ಎದುರಾಬದುರು ಎರಡು ಗಾಡಿ ಬಂದ್ರೆ ಬರೀ ಗಾಡಿಯೋನು ಮಣ್ಣಿಗೆ ಇಳೀಬೇಕು, ಹೇರು ಗಾಡಿಯೋನು ಗಟ್ಟಿ ದಾರಿಯಲ್ಲಿ ಹೋಗಬೇಕು. ಏರು ಹತ್ತೋ ಎತ್ತನ್ನ ನಡುವೆ ನಿಲ್ಲಿಸಬಾರದು. ಇದನ್ನ ಯಾವ ಸರ್ಕಾರವೂ ಬರೆದು ಕೊಟ್ಟಿರಲಿಲ್ಲ. ಯಾರಿಗೆ ಕಷ್ಟ ಜಾಸ್ತಿಯೋ ಅವರಿಗೆ ದಾರಿ, ಅಷ್ಟೇ ಲೆಕ್ಕ. ರಾತ್ರಿ ಹೊತ್ತು ಗಾಡಿಯ ಅಚ್ಚಿನ ಕೆಳಗೆ ಒಂದು ಲಾಟೀನು ತೂಗು ಹಾಕೋರು. ಅದು ಎತ್ತಿಗೆ ದಾರಿ ಕಾಣಲಿ ಅಂತಲ್ಲ, ಹಿಂದೆ ಬರೋನಿಗೆ ಗಾಡಿ ಕಾಣಲಿ ಅಂತ.

ಇನ್ನು ಸೈಕಲ್ ವಿಚಾರ. ಈಗ ನಾವು ತುಳಿಯೋ ರೀತಿಯ ಸೈಕಲನ್ನ 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ಅನ್ನೋರು ಮಾಡಿದರು. ಗಾಳಿ ತುಂಬೋ ಟೈರು 1888ರಲ್ಲಿ ಡನ್‌ಲಪ್ ಅವರಿಂದ ಬಂತು. ನಮ್ಮ ದೇಶಕ್ಕೆ ಮೊದಲು ಹಡಗಿನಲ್ಲಿ ಬಂದ ಸೈಕಲ್ಲುಗಳು ದೊರೆಗಳಿಗೂ ಸಾಹುಕಾರರಿಗೂ ಆದವು. ಸ್ವಾತಂತ್ರ್ಯ ಬಂದಮೇಲೆ ಇಲ್ಲೇ ದೊಡ್ಡ ಕಾರ್ಖಾನೆಗಳು ಎದ್ದವು. 1949ರಲ್ಲಿ ಮದ್ರಾಸಿನ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನದಲ್ಲಿ ಹೀರೋ. ಆಗ ಪೋಸ್ಟ್‌ಮ್ಯಾನು, ಮೇಷ್ಟ್ರು, ಹಾಲಿನವನು ಸೈಕಲ್ ಏರಿದರು. ನಾನು ಕಲಿತಿದ್ದು ಬಾಡಿಗೆ ಸೈಕಲ್‌ನಲ್ಲಿ, ಗಂಟೆ ಲೆಕ್ಕ. ಕಾಲು ಎಟುಕದೆ ಒಳಪೆಡಲ್ ಹೊಡೀತಿದ್ದೆ. ಸಾಯಂಕಾಲ ದೀಪ ಇಲ್ಲದಿದ್ರೆ ಪೊಲೀಸ್ನೋರು ಹಿಡಿಯೋರು, ಡಬಲ್ಸ್ ಹೋದ್ರೂ ಹಿಡಿಯೋರು, ಚಕ್ರದ ಗಾಳಿ ಬಿಟ್ಟು ಕಳಿಸೋರು. ಡೈನಮೋ ಕೊಳ್ಳೋಕೆ ದುಡ್ಡಿಲ್ಲದೋನು ಸೀಮೆಣ್ಣೆ ದೀಪ ಕಟ್ಟಿಕೊಂಡು ಹೋಗ್ತಿದ್ದ.

ಇಲ್ಲಿ ಒಂದು ಮಾತನ್ನ ಮುಚ್ಚಿಡದೆ ಹೇಳಬೇಕು. ಹಿಂದಿನ ಕಾಲ ಎಲ್ಲ ಚೆನ್ನಾಗಿತ್ತು ಅಂತ ಹಾಡೋದು ಸುಲಭ. ಆದರೆ ಆಗಿನ "ಮರ್ಯಾದೆ"ಯಲ್ಲಿ ಒಂದು ಭಾಗ ಮರ್ಯಾದೆಯೇ ಅಲ್ಲ. ಹಿರಿಯರು ಎದುರಿಗೆ ಬಂದ್ರೆ ಸೈಕಲ್ ಇಳಿದು ತಳ್ಳಿಕೊಂಡು ಹೋಗೋದು ಒಂದು. ಅದು ಮನಸ್ಸಿನಿಂದ ಬಂದದ್ದು. ತಮಿಳುನಾಡಿನ ಎಷ್ಟೋ ಊರುಗಳಲ್ಲಿ, ಕರ್ನಾಟಕದಲ್ಲೂ, ದಲಿತರು ಮೇಲ್ಜಾತಿಯವರ ಬೀದಿಯಲ್ಲಿ ಸೈಕಲ್ ಹತ್ತಿ ಹೋಗೋ ಹಾಗಿರಲಿಲ್ಲ. ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ತಳ್ಳಬೇಕು. ಇದು ಇನ್ನೊಂದು. ಇದು ಹೆದರಿಕೆಯಿಂದ ಬಂದದ್ದು. ಎರಡೂ ದೂರದಿಂದ ನೋಡಿದರೆ ಒಂದೇ ಥರ ಕಾಣ್ತವೆ. ಇಳಿದೋನ ಹೊಟ್ಟೆಯೊಳಗಿನ ಸಂಕಟ ಇಳಿದೋನಿಗೇ ಗೊತ್ತು.

ರಸ್ತೆಗಾಗಿಯೇ ದೊಡ್ಡ ಹೋರಾಟ ಆಗಿದೆ ಅಂತ ನಮ್ಮ ಮಕ್ಕಳಿಗೆ ಹೇಳಬೇಕು. 1924ರಲ್ಲಿ ಕೇರಳದ ವೈಕಂನಲ್ಲಿ ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ಕೀಳುಜಾತಿ ಅನ್ನಿಸಿಕೊಂಡವರು ನಡೆಯಬಾರದು ಅನ್ನೋ ಕಟ್ಟಳೆ ವಿರುದ್ಧ ಸತ್ಯಾಗ್ರಹ ನಡೀತು. ಗುಡಿಯೊಳಗೆ ಬಿಡಿ ಅಂತ ಕೇಳಿದ್ದಲ್ಲ, ರಸ್ತೆಯಲ್ಲಿ ನಡೆಯೋಕೆ ಬಿಡಿ ಅಂತ. ಈರೋಡಿನ ಪೆರಿಯಾರ್ ಅಲ್ಲಿ ಹೋಗಿ ಜೈಲು ಕಂಡರು. ಅವರ ಮನೆಮಾತು ಕನ್ನಡ. ಆಮೇಲೆ 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ, ಬಾವಿ, ಕೆರೆಗಳ ಜೊತೆಗೆ ರಸ್ತೆ ಅನ್ನೋ ಮಾತನ್ನೂ ಸೇರಿಸಿದ್ದಾರೆ. ಜಾತಿಯ ಹೆಸರಲ್ಲಿ ಯಾರನ್ನೂ ರಸ್ತೆಯಿಂದ ತಡೆಯೋ ಹಾಗಿಲ್ಲ. ಸಂವಿಧಾನ ಬರೆದೋರು ರಸ್ತೆಯನ್ನ ಅಷ್ಟು ದೊಡ್ಡದು ಅಂತ ಎಣಿಸಿದ್ರು.

ಈಗ ಹೊಸೂರಿಗೆ ಬರ್ತೀನಿ. 1970ರ ದಶಕದಲ್ಲಿ ಸಿಪ್‌ಕಾಟ್ ಬಂದು ಹೊಲಗಳು ಕಾರ್ಖಾನೆ ಆದವು. 1980ರಲ್ಲಿ ಟಿ.ವಿ.ಎಸ್. 50 ಮೊಪೆಡ್ಡು ನಮ್ಮ ಹೊಸೂರಿನಿಂದಲೇ ದೇಶಕ್ಕೆಲ್ಲ ಹೊರಟಿತು. ಅದೇ ಸುಮಾರಿನಲ್ಲಿ ಅಶೋಕ್ ಲೇಲ್ಯಾಂಡ್ ಲಾರಿ ಕಾರ್ಖಾನೆಯೂ ಶುರುವಾಯಿತು. ತಮಾಷೆ ನೋಡಿ, ಲಾರಿ ಮಾಡೋರೂ ಮೊಪೆಡ್ ಮಾಡೋರೂ ಕೆಲಸಕ್ಕೆ ಹೋಗ್ತಿದ್ದದ್ದು ಸೈಕಲ್‌ನಲ್ಲಿ! ಬೆಳಗಿನ ಜಾವದ ಶಿಫ್ಟಿಗೆ ಮತ್ತಿಗಿರಿ ಕಡೆಯಿಂದ, ಬಾಗಲೂರು ಕಡೆಯಿಂದ ಸೈಕಲ್ಲಿನ ಸಾಲು. ಟಿಫನ್ ಕ್ಯಾರಿಯರ್ ಹ್ಯಾಂಡಲಿಗೆ ತೂಗು ಬಿದ್ದಿರೋದು. ಹಿಂದಿನಿಂದ ಬರೋನು ಬೆಲ್ ಹೊಡೆದು ಕೂಗೋನು. ತಮಿಳರು "ಓರಂ, ಓರಂ" ಅಂದ್ರೆ, ತೆಲುಗರು "ಪಕ್ಕಕು", ನಾವು "ಜಾಗ, ಜಾಗ". ಹೊಸೂರಿನಲ್ಲಿ ಮೂರು ಭಾಷೆಯ ದಾರಿ ಮಾತು ಗೊತ್ತಿಲ್ಲದ ಸೈಕಲ್‌ನೋನು ಇರಲಿಲ್ಲ. ಲಾರಿ ಡ್ರೈವರುಗಳಲ್ಲಿ ಹಳಬರು ಎದುರಿಗೆ ಸೈಕಲ್ ಕಂಡ್ರೆ ಲೈಟು ಡಿಮ್ ಮಾಡೋರು. ನಾವು ಕೈ ಎತ್ತಿ ಸಲಾಮು ಹೇಳೋರು. ಏರಿನಲ್ಲಿ ಲಾರಿ ಹಿಂದಿನ ಸರಪಳಿ ಹಿಡಿದು ಬಿಟ್ಟಿ ಎಳೆಸಿಕೊಂಡು ಹೋದ ಪುಂಡರೂ ನಾವೇ. ಸೈಕಲ್‌ನೋರೆಲ್ಲ ಸಂಭಾವಿತರು ಅಂತ ನಾನು ಹೇಳಲ್ಲ.

ನಾನು ಮೊಪೆಡ್ ತಗೊಂಡ ಮೇಲೆ ನನ್ನ ಬುದ್ಧಿ ಹೇಗಾಯ್ತು ಅನ್ನೋದನ್ನ ಹೇಳದೆ ಹೋದ್ರೆ ಈ ಲೇಖನ ಸುಳ್ಳಾಗುತ್ತೆ. ಒಂದು ದಿನ ಬೆಳಕು ಹರಿಯೋ ಮುಂಚೆ ಕೊತ್ತಂಬರಿ ಮೂಟೆ ಹಾಕ್ಕೊಂಡು ಮಾರ್ಕೆಟ್ಟಿಗೆ ಹೊರಟಿದ್ದೆ. ತಡ ಆದ್ರೆ ಸೊಪ್ಪಿಗೆ ರೇಟು ಬಿದ್ದೋಗುತ್ತೆ. ಮುಂದೆ ಒಬ್ಬರು ಮುದುಕರು ಸೈಕಲ್ ಹಿಂದೆ ಟೊಮೇಟೊ ಕ್ರೇಟು ಕಟ್ಟಿಕೊಂಡು ನಿಧಾನಕ್ಕೆ ತುಳೀತಿದ್ದರು. ನಾನು ಹಾರನ್ ಹೊಡೆದೆ. ಇನ್ನೊಂದು ಸಾರಿ ಹೊಡೆದೆ. ಪಕ್ಕಕ್ಕೆ ಬಂದು ಕಿವಿ ಹತ್ರ ಉದ್ದಕ್ಕೆ ಹೊಡೆದೆ. ಅವರು ಬೆಚ್ಚಿ ಹ್ಯಾಂಡಲ್ ತಿರುಗಿಸಿದ್ರು, ಟಾರಿನ ಅಂಚು ಎತ್ತರ ಇತ್ತು, ಮಣ್ಣಿಗೆ ಜಾರಿ ಬಿದ್ದರು. ಟೊಮೇಟೊ ರಸ್ತೆ ತುಂಬ ಉರುಳಿದವು.

ನಾನು ಗಾಡಿ ನಿಲ್ಲಿಸಿ ಓಡಿದೆ. "ಯಜಮಾನ್ರೇ, ಪೆಟ್ಟಾಯ್ತಾ? ಹಾರನ್ ಕೇಳಿಸಲಿಲ್ವಾ?" ಅಂದೆ. ಅವರು ಮೊಣಕೈ ಒರೆಸಿಕೊಂಡು, "ಕೇಳಿಸ್ತಪ್ಪಾ, ಮೂರು ಸಾರಿನೂ ಕೇಳಿಸ್ತು. ಇಳಿಯೋಕೆ ನಂಗೆ ಜಾಗ ಎಲ್ಲೈತೆ, ನೀನೇ ಹೇಳು" ಅಂದರು. ಬೈಯಲಿಲ್ಲ. ಬೈದಿದ್ರೆ ನಾನೂ ಎರಡು ಮಾತು ಆಡಿ ಮರೆತುಬಿಡ್ತಿದ್ದೆ. ಇಬ್ಬರೂ ಕೂತು ಟೊಮೇಟೊ ಆರಿಸಿದೆವು. ಒಡೆದದ್ದಕ್ಕೆ ದುಡ್ಡು ಕೊಡೋಕೆ ಹೋದೆ, ತಗೊಳ್ಳಲಿಲ್ಲ. ಎರಡು ವರ್ಷದ ಹಿಂದಷ್ಟೇ ನಾನೂ ಹಾಗೇ ಕ್ರೇಟು ಕಟ್ಟಿಕೊಂಡು ತುಳೀತಿದ್ದೋನು. ಒಂದು ಸಣ್ಣ ಇಂಜಿನ್ ಕಾಲ ಕೆಳಗೆ ಬಂದಿದ್ದಕ್ಕೆ ನನಗೆ ಅಷ್ಟು ಗರ್ವ ಬಂದಿತ್ತು. ಸೈಕಲ್ ಇಳಿ ಅಂತ ಬೀದಿಯಲ್ಲಿ ಗದರಿಸ್ತಿದ್ದ ಹಳೇ ಗೌಡನಿಗೂ ನನಗೂ ಏನು ವ್ಯತ್ಯಾಸ ಅಂತ ಆವತ್ತು ಅನ್ನಿಸ್ತು. ಅವನು ಜಾತಿಯಿಂದ ಇಳಿಸ್ತಿದ್ದ, ನಾನು ಹಾರನ್‌ನಿಂದ ಇಳಿಸಿದೆ.

ಆಮೇಲೆ ರಸ್ತೆಯೇ ಬದಲಾಯಿತು. ಚೆನ್ನೈ ಬೆಂಗಳೂರು ದಾರಿ ಸುವರ್ಣ ಚತುಷ್ಪಥ ಯೋಜನೆಗೆ ಸೇರಿ ನಾಲ್ಕು ಪಥ ಆಯಿತು, ಆಮೇಲೆ ಇನ್ನೂ ಅಗಲ ಆಯಿತು. ಏಳನೇ ನಂಬರಿನ ಹೆದ್ದಾರಿ ನಲವತ್ತನಾಲ್ಕು ಆಯಿತು. ಹುಣಸೆ ಮರ ಹೋದವು. ನಮ್ಮ ಹೂವು, ತರಕಾರಿ ಬೇಗ ಬೆಂಗಳೂರು ಸೇರ್ತವೆ, ಆಸ್ಪತ್ರೆಗೆ ಬೇಗ ಹೋಗಬಹುದು. ಅದನ್ನ ಇಲ್ಲ ಅನ್ನಬಾರದು. ಆದರೆ ಹೊಲ ಒಂದು ಕಡೆ, ಊರು ಒಂದು ಕಡೆ ಆದೋರು ಸೈಕಲ್ ಹಿಡಕೊಂಡು ದಾಟೋಕೆ ನಿಂತರೆ ಜೀವ ಕೈಯಲ್ಲಿ ಹಿಡಿದಂಗೆ. ಸರ್ವೀಸ್ ರೋಡು ಇದೆ ನಿಜ, ಅದರಲ್ಲಿ ಲಾರಿ ನಿಂತಿರ್ತವೆ.

ಇದೇ ಹೊತ್ತಿಗೆ ಹೊಸದಾಗಿ ಸೈಕಲ್ ಏರಿದೋರು ಹೆಣ್ಣುಮಕ್ಕಳು. 1990ರ ದಶಕದ ಮೊದಲಲ್ಲಿ ಪುದುಕೋಟೆ ಜಿಲ್ಲೆಯಲ್ಲಿ ಅರಿವೊಳಿ ಸಾಕ್ಷರತಾ ಚಳವಳಿಯವರು ಓದು ಬರಹದ ಜೊತೆಗೆ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಿದರು. ಸಾವಿರಾರು ಹೆಂಗಸರು, ಕೂಲಿಯೋರು, ಕಲ್ಲು ಒಡೆಯೋರು ಕಲಿತರು. ಆಮೇಲೆ ತಮಿಳುನಾಡು ಸರ್ಕಾರ ಶಾಲೆ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟಿತು. ಗಡಿಯಾಚೆ ಕರ್ನಾಟಕದಲ್ಲೂ 2006ರಿಂದ ಎಂಟನೇ ತರಗತಿಯವರಿಗೆ ಕೊಟ್ಟರು. ನನ್ನ ಮೊಮ್ಮಗಳೂ ಅಂಥದ್ದೇ ಸೈಕಲ್‌ನಲ್ಲಿ ಹೋಗ್ತಾಳೆ. ನಮ್ಮ ಅಕ್ಕ ಐದನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದು ಯಾಕೆ ಗೊತ್ತೆ? ದೊಡ್ಡ ಶಾಲೆ ದೂರ ಇತ್ತು. ಈಗ ಸೈಕಲ್ ಇದೆ, ಆದರೆ ರಸ್ತೆಗೆ ಹೆದರಿ ಮನೆಯೋರು "ಬೇಡ, ಬಿಡು" ಅಂದ್ರೆ ಆ ಮಗುವಿನ ಓದೂ ಅಲ್ಲಿಗೇ ನಿಲ್ಲುತ್ತೆ. ಒಬ್ಬ ಡ್ರೈವರ್ ಸೈಕಲ್ಲಿಗೆ ಒಂದು ಮಾರು ಜಾಗ ಬಿಡೋದರಲ್ಲಿ ಇಷ್ಟೆಲ್ಲ ಸೇರಿಕೊಂಡಿದೆ.

ಬೇರೆ ದೇಶದೋರು ಏನು ಮಾಡಿದರು? ಹಾಲೆಂಡಿನಲ್ಲಿ ಸೈಕಲ್ ಜಾಸ್ತಿ ಅಂತ ಕೇಳಿರ್ತೀರಿ. ಅವರೇನು ಹುಟ್ಟಾ ಹಾಗಿರಲಿಲ್ಲ. ಕಾರು ಜಾಸ್ತಿಯಾಗಿ 1971ರಲ್ಲಿ ಆ ಸಣ್ಣ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸುಮಾರು 3,300 ಜನ ಸತ್ತರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಾಯಿ ತಂದೆಯರು, ಮಕ್ಕಳು ಎಲ್ಲ ಬೀದಿಗೆ ಇಳಿದು "ಮಕ್ಕಳ ಕೊಲೆ ನಿಲ್ಲಿಸಿ" ಅಂತ ಚಳವಳಿ ಮಾಡಿದರು. ಆಮೇಲೆ ಸೈಕಲ್ಲಿಗೆ ಬೇರೆ ದಾರಿಗಳು ಆದವು. ಕಾರಿನ ಬಾಗಿಲನ್ನ ಹತ್ತಿರದ ಕೈಯಿಂದ ತೆಗೀದೆ ಆಚೆ ಕೈಯಿಂದ ತೆಗೆಯೋ ಅಭ್ಯಾಸ ಅಲ್ಲಿದೆ. ನಮ್ಮಲ್ಲಿ ಡ್ರೈವರ್ ಬಲಗಡೆ ಕೂರ್ತಾನೆ, ಎಡಗೈಯಿಂದ ಬಾಗಿಲು ತೆಗೆದ್ರೆ ಮೈ ತಾನಾಗೇ ಹಿಂದಕ್ಕೆ ತಿರುಗುತ್ತೆ, ಬರೋ ಸೈಕಲ್ ಕಾಣುತ್ತೆ. ಇದಕ್ಕೆ ಖರ್ಚೇನಿಲ್ಲ.

ನಮ್ಮ ದೇಶಕ್ಕೆಲ್ಲ ಸೇರಿ ಮೊದಲ ಮೋಟಾರು ಕಾನೂನು ಬಂದದ್ದು 1914ರಲ್ಲಿ, ಆಮೇಲೆ 1939ರಲ್ಲಿ, ಈಗಿರೋದು 1988ರದು. ಅದರ 134ನೇ ಸೆಕ್ಷನ್ ಪ್ರಕಾರ, ಅಪಘಾತ ಆದ್ರೆ ಗಾಯಗೊಂಡೋರಿಗೆ ಚಿಕಿತ್ಸೆ ಕೊಡಿಸೋಕೆ ಪ್ರಯತ್ನ ಮಾಡೋದು ಡ್ರೈವರಿನ ಕರ್ತವ್ಯ. ಜನ ಹೊಡೀತಾರೆ ಅಂತ ಹೆದರಿ ಎಷ್ಟೋ ಜನ ಓಡಿಹೋಗ್ತಾರೆ. ಆದ್ದರಿಂದ ಊರಿನೋರಿಗೂ ಒಂದು ಮಾತು: ಗಾಡಿ ನಿಲ್ಲಿಸಿದೋನನ್ನ ಹೊಡೀಬೇಡಿ. ಹೊಡೆದರೆ ಮುಂದಿನೋನು ನಿಲ್ಲಿಸಲ್ಲ. 2019ರ ತಿದ್ದುಪಡಿಯಲ್ಲಿ, ಗಾಯಾಳುವಿಗೆ ಒಳ್ಳೇ ಮನಸ್ಸಿನಿಂದ ಸಹಾಯ ಮಾಡೋ ದಾರಿಹೋಕರಿಗೂ ರಕ್ಷಣೆ ಕೊಟ್ಟಿದ್ದಾರೆ. ಕೇಸು ಕೋರ್ಟು ಅಂತ ಹೆದರಿ ಬಿದ್ದೋರನ್ನ ನೋಡ್ಕೊಂಡು ನಿಲ್ಲಬೇಕಾಗಿಲ್ಲ.

ಸೈಕಲ್‌ನೋರಿಗೂ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೂರು ಜನ ಸಾಲಾಗಿ ಮಾತಾಡ್ಕೊಂಡು ಹೋಗೋದು, ರಾಂಗ್ ಸೈಡಿನಲ್ಲಿ ನುಗ್ಗೋದು, ಕೈ ತೋರಿಸದೆ ತಿರುಗೋದು, ಕಿವಿಗೆ ವಯರು ಸಿಗಿಸ್ಕೊಂಡು ತುಳಿಯೋದು ನಿಲ್ಲಬೇಕು. ಹಿಂದಿನ ಮಡ್‌ಗಾರ್ಡಿಗೆ ಮಿಂಚೋ ಕೆಂಪು ಸ್ಟಿಕ್ಕರ್ ಅಂಟಿಸಿ. ಅಪ್ಪನ ಗಾಡಿ ಕೆಳಗಿನ ಲಾಟೀನು ಮಾಡ್ತಿದ್ದ ಕೆಲಸವನ್ನೇ ಅದು ಮಾಡುತ್ತೆ. ಗಾಡಿಯೋರು ಶಾಲೆ ಬಿಡೋ ಹೊತ್ತಲ್ಲಿ ನಿಧಾನ ಮಾಡಿ, ಸೈಕಲ್ ಪಕ್ಕದಲ್ಲಿ ಕಿವಿ ಕಿತ್ತುಹೋಗೋ ಹಾಗೆ ಹಾರನ್ ಹೊಡೀಬೇಡಿ, ಎದುರಿಗೆ ಸೈಕಲ್ ಬಂದ್ರೆ ಲೈಟು ಡಿಮ್ ಮಾಡಿ.

ಮೇಷ್ಟ್ರುಗಳಲ್ಲಿ ನನ್ನ ಒಂದು ಕೋರಿಕೆ ಇದೆ. ನಮ್ಮೂರಲ್ಲಿ ಟೆಂಪೋ, ಆಟೋ, ಟ್ರ್ಯಾಕ್ಟರ್ ಓಡಿಸೋ ಹುಡುಗರು ಬೇಕಾದಷ್ಟು ಜನ ಇದ್ದಾರೆ. ಒಂದು ಭಾನುವಾರ ಅವರನ್ನೂ ಸೈಕಲ್‌ನಲ್ಲಿ ಬರೋ ಮಕ್ಕಳನ್ನೂ ವಾಚನಾಲಯದ ಜಗಲಿ ಮೇಲೆ ಒಟ್ಟಿಗೆ ಕೂರಿಸಿ. ಎಲ್ಲಿ ತಿರುವು ಕಾಣಲ್ಲ, ಎಲ್ಲಿ ಗುಂಡಿ ಇದೆ, ಎಲ್ಲಿ ಹೆದರಿಕೆ ಆಗುತ್ತೆ ಅಂತ ಮಕ್ಕಳೇ ಹೇಳಲಿ, ಡ್ರೈವರುಗಳು ಕೇಳಲಿ. ಆಮೇಲೆ ಡ್ರೈವರುಗಳ ಕಷ್ಟಾನೂ ಮಕ್ಕಳು ಕೇಳಲಿ. ಕೊನೆಗೆ ಹಾಡು ಬೇಕಾದ್ರೆ ನಾನು ಬರ್ತೀನಿ. ಮೊಪೆಡ್ ಮಾರಿ ನಾಲ್ಕು ವರ್ಷ ಆಯಿತು. ಈಗ ಮತ್ತೆ ಸೈಕಲ್ಲೇ, ಕಾಲು ಮೊದಲಿನಂಗಿಲ್ಲ. ಹಿಂದೆ ಬರೋರು ಒಂದು ಸಾರಿ ಬೆಲ್ಲೋ ಹಾರನ್ನೋ ಹೊಡೆದು ಸ್ವಲ್ಪ ತಾಳಿ. ಜಾಗ ಸಿಕ್ಕ ತಕ್ಷಣ ಪಕ್ಕಕ್ಕೆ ಬರ್ತೀನಿ.