ಕಲ್ಲನ್ನು ಕಾಣುವ ಬಗೆ

ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ನೋವು ಬಂದರೆ ಪುಣೆಯ ನೆರೆಹೊರೆಯವರು 'ಮುತಖಡಾ' ಎಂದು ಹೆಸರಿಟ್ಟೇಬಿಡುತ್ತಾರೆ. ಮೈ ಕೊಯ್ಯದೆ ಆ ಕಲ್ಲನ್ನು ಕಾಣುವುದು ಸಾಧ್ಯವಾದದ್ದು 1895ರಲ್ಲಿ ರಾಂಟ್‌ಜೆನ್ ಕ್ಷ-ಕಿರಣವನ್ನು ಕಂಡುಹಿಡಿದ ಮೇಲೆ. ಮರುವರ್ಷವೇ ಗ್ಲಾಸ್ಗೋ ನಗರದ ಡಾ. ಮ್ಯಾಕಿಂಟೈರ್ ಮೂತ್ರಪಿಂಡದ ಕಲ್ಲಿನ ಚಿತ್ರ ತೆಗೆದರು. ಆದರೆ ಯೂರಿಕ್ ಆಮ್ಲದ ಕಲ್ಲು ಈ ಕಿರಣಕ್ಕೆ ಸಿಕ್ಕುವುದಿಲ್ಲ. 1929ರಲ್ಲಿ ಬರ್ಲಿನ್ನಿನಲ್ಲಿ ಮೋಸೆಸ್ ಸ್ವಿಕ್ ರಕ್ತನಾಳಕ್ಕೆ ಅಯೋಡಿನ್ ಬೆರೆತ ಔಷಧಿ ಚುಚ್ಚಿ ಇಡೀ ಮೂತ್ರಮಾರ್ಗವನ್ನೇ ಚಿತ್ರದಲ್ಲಿ ಮೂಡಿಸಿದರು. ನಮ್ಮ ಹಿರಿಯರು ಭೇದಿಗೆ ನುಂಗಿ, ಉಪವಾಸವಿದ್ದು, ಗಂಟೆಗಟ್ಟಲೆ ಮೇಜಿನ ಮೇಲೆ ಮಲಗಿ ಮಾಡಿಸಿಕೊಳ್ಳುತ್ತಿದ್ದ ಐ.ವಿ.ಪಿ. ಇದೇ!

1958ರಲ್ಲಿ ಅದೇ ಗ್ಲಾಸ್ಗೋದಿಂದ ಇಯಾನ್ ಡೊನಾಲ್ಡರ ಶಬ್ದತರಂಗದ ಚಿತ್ರಗಳು ಹೊರಬಂದವು. ಅದೇ ನಾವಿಲ್ಲಿ ಸೋನೋಗ್ರಫಿ ಎನ್ನುವುದು. 1971ರಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರ ಲಂಡನ್ನಿನಲ್ಲಿ ಮೊದಲ ರೋಗಿಯನ್ನು ನೋಡಿತು. ಯೂರಿಕ್ ಆಮ್ಲದ ಕಲ್ಲೂ ಸಿ.ಟಿ.ಯ ಕಣ್ಣಿಗೆ ಬೀಳುತ್ತದೆ.

ಹಾಗಾದರೆ ನೇರವಾಗಿ ಸಿ.ಟಿ.ಯನ್ನೇ ಏಕೆ ಮಾಡಿಸಬಾರದು? 2014ರಲ್ಲಿ ಅಮೆರಿಕದ 15 ತುರ್ತು ಚಿಕಿತ್ಸಾ ವಿಭಾಗಗಳ 2,759 ರೋಗಿಗಳ ಅಧ್ಯಯನವೊಂದು ಪ್ರಕಟವಾಯಿತು. ಮೊದಲು ಸೋನೋಗ್ರಫಿ ಮಾಡಿಸಿಕೊಂಡವರಿಗೆ ಅಪಾಯವೇನೂ ಹೆಚ್ಚಲಿಲ್ಲ, ವಿಕಿರಣ ಮಾತ್ರ ಕಡಿಮೆಯಾಯಿತು. ಕೆಲವರಿಗೆ ಆಮೇಲೆ ಸಿ.ಟಿ. ಬೇಕಾಯಿತೆನ್ನಿ, ಮೂತ್ರನಾಳದ ನಡುವಿನ ಸಣ್ಣ ಕಲ್ಲು ಸೋನೋಗ್ರಫಿಗೆ ತಪ್ಪಿಸಿಕೊಳ್ಳುವುದುಂಟು. ಆಗಲೂ ಕಡಿಮೆ ವಿಕಿರಣದ ಸಿ.ಟಿ. ಸಾಕೇ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ಗರ್ಭಿಣಿಯರಿಗೂ ಮಕ್ಕಳಿಗೂ ಸೋನೋಗ್ರಫಿಯೇ ಮೊದಲು. ನೋವಿನೊಡನೆ ಚಳಿಜ್ವರವಿದ್ದರೆ, ಮೂತ್ರ ಕಟ್ಟಿದ್ದರೆ, ಯಾವ ಚಿತ್ರವೆಂದು ಮನೆಯಲ್ಲಿ ಚರ್ಚಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು. ಹಳೆಯ ಫಿಲ್ಮು, ವರದಿಗಳು ಜೊತೆಗಿರಲಿ. ಎಷ್ಟೋ ಸಲ ಇನ್ನೊಂದು ಚಿತ್ರದ ಖರ್ಚೇ ಉಳಿಯುತ್ತದೆ.