ಗ್ಲುಟೆನ್‌ರಹಿತ ತಿಂಡಿ-ತಿನಿಸು

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಇಲ್ಲದ ಖಾದ್ಯಗಳು. ಸೀಲಿಯಾಕ್ ರೋಗಿಗಳಿಗೆ ಇವು ಅನಿವಾರ್ಯ. ಅವರಲ್ಲಿ ಗ್ಲುಟೆನ್ ಸಣ್ಣ ಕರುಳಿನ ಒಳಪದರವನ್ನು ಹಾಳುಗೆಡವುತ್ತದೆ. ಗೋಧಿಗೂ ಈ ರೋಗಕ್ಕೂ ಇರುವ ನಂಟನ್ನು ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ತಮ್ಮ 1950ರ ಪ್ರಬಂಧದಲ್ಲಿ ನಿರೂಪಿಸಿದರು.

ಪುಣೆ ಜಿಲ್ಲೆಯ ಇಂದಾಪುರದಿಂದ ಸೊಲ್ಲಾಪುರ, ವಿಜಯಪುರ, ಕಲಬುರಗಿಗಳತ್ತ ಹಬ್ಬಿದ ಭೀಮಾ ತೀರದ ಹಿಂಗಾರಿ ಜೋಳದ ಸೀಮೆಗೆ ಇಂಥ ಊಟ ಹೊಸದೇನಲ್ಲ. ಮಹಾರಾಷ್ಟ್ರದ ಕಡೆಯ ಭಾಕರಿ, ಕರ್ನಾಟಕದ ಕಡೆಯ ಜೋಳದ ರೊಟ್ಟಿ ಎರಡರಲ್ಲೂ ಗ್ಲುಟೆನ್ ಇಲ್ಲ. ಹಿಟ್ಟಿಗೆ ಜಿಗುಟಿಲ್ಲದ್ದರಿಂದಲೇ ಕುದಿನೀರು ಹಾಕಿ ನಾದುತ್ತಾರೆ: ಬಿಸಿಗೆ ಪಿಷ್ಟ ಅಂಟಾಗಿ, ಬಡಿದಾಗ ರೊಟ್ಟಿ ಹರಿಯುವುದಿಲ್ಲ. ಏಕಾದಶಿಯ ಉಪವಾಸದ ಸಾಬುದಾಣೆ ಖಿಚಡಿ, ವರಿ ಅನ್ನ, ರಾಜಗಿರಾ ಲಾಡು ಸಹ ಗೋಧಿಯಿಲ್ಲದವೇ.

ಕಷ್ಟವಿರುವುದು ಬೇಕರಿಯಲ್ಲಿ. ಬ್ರೆಡ್ಡು ಉಬ್ಬಲು ಹಿಟ್ಟು ಗಾಳಿಯನ್ನು ಹಿಡಿದಿಡಬೇಕು. ಗ್ಲುಟೆನ್ ಇಲ್ಲದಾಗ ಆ ಕೆಲಸಕ್ಕೆ ಇಸಬ್‌ಗೋಲ್ ಹೊಟ್ಟು, ಕ್ಸಾಂಥನ್ ಗಮ್ ಅಥವಾ ಮೊಟ್ಟೆ ಬಳಸುತ್ತಾರೆ. ರಾಗಿ, ಜೋಳದ ಬಿಸ್ಕತ್ತು ಅಷ್ಟು ಸತಾಯಿಸುವುದಿಲ್ಲ.

ಸಮಾರಂಭಗಳಿಗೆ ಅಕ್ಕಿಹಿಟ್ಟಿನ ಚಕ್ಕುಲಿ, ಶೇಂಗಾ ಚಿಕ್ಕಿ ಒದಗುತ್ತವೆ. ನಿಪ್ಪಟ್ಟು, ಕೋಡುಬಳೆಗಳನ್ನು ಮಾತ್ರ ಕೇಳಿಯೇ ತಿನ್ನಬೇಕು, ಮೈದಾ ಅಥವಾ ರವೆ ಸೇರಿರುವುದುಂಟು. ಅಂಗಡಿಯ ಇಂಗಿನ ಪುಡಿಗೂ ಗೋಧಿಹಿಟ್ಟು ಬೆರೆಸುವುದು ಸಾಮಾನ್ಯ. ಪೂರಿ ಕರಿದ ಎಣ್ಣೆಯೂ ಸಲ್ಲದು. ಗ್ಲುಟೆನ್‌ರಹಿತವೆಂದು ಮಾರುವ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂ ಮೀರದ ಗ್ಲುಟೆನ್ ಇರಬಹುದೆಂದು ಭಾರತೀಯ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ.