ಎಡ–ಬಲದ ಸಾಕ್ಷ್ಯ: ಚೈನ್ ಎಕ್ಸ್‌ಕವೇಟರಿನ ಟ್ರಾವೆಲ್ ದೋಷ ಪತ್ತೆಯ ತರ್ಕ

ಚೈನ್ ಮೇಲೆ ನಡೆಯುವ ಎಕ್ಸ್‌ಕವೇಟರಿಗೆ ಬೂಮ್ ಒಂದು, ಆರ್ಮ್ ಒಂದು, ಬಕೆಟ್ ಒಂದು. ಜೋಡಿಯಾಗಿರುವುದು ಕಾಲು ಮಾತ್ರ. ಎಡಕ್ಕೊಂದು, ಬಲಕ್ಕೊಂದು ಟ್ರಾವೆಲ್ ಮೋಟರ್. ಎರಡೂ ಒಂದೇ ಅಳತೆಯವು, ಒಂದೇ ಟ್ಯಾಂಕಿನ ಎಣ್ಣೆಯಲ್ಲಿ ಒಂದೇ ಕೆಸರಿನಲ್ಲಿ ದುಡಿದವು. ಹಾಗಾಗಿ ಒಂದು ಕಾಲು ಸೋತಾಗ ಅದರ ದೋಷ ಪತ್ತೆಗೆ ಇನ್ನೊಂದು ಕಾಲಿಗಿಂತ ಒಳ್ಳೆಯ ಉಪಕರಣವಿಲ್ಲ ಎಂಬುದು ಈ ಲೇಖನದ ವಾದ. ಎರಡೂ ಕಾಲು ಒಟ್ಟಿಗೆ ಸೋತರೆ ಈ ಉಪಕರಣ ಕೈಕೊಡುತ್ತದೆ. ಆ ಮಿತಿಯನ್ನೂ ಮುಂದೆ ನೋಡಬೇಕಾಗುತ್ತದೆ.

ಈ ತರ್ಕ ಹೆಚ್ಚು ಬೇಕಾಗುವುದು ಕೈಪಿಡಿ ಸಿಗದ ಸಣ್ಣ ಶೆಡ್ಡುಗಳಿಗೆ. ಬೆಂಗಳೂರಿನ ಪಶ್ಚಿಮಕ್ಕೆ, ಪೀಣ್ಯ ಎರಡನೇ ಹಂತಕ್ಕೂ ಸುಂಕದಕಟ್ಟೆಗೂ ನಡುವೆ ಇರುವ ಹೆಗ್ಗನಹಳ್ಳಿ ಲೇತ್, ಮಿಲ್ಲಿಂಗ್, ಗ್ರೈಂಡಿಂಗ್ ಶೆಡ್ಡುಗಳ ಊರು. ಭಾರಿ ಯಂತ್ರಗಳ ತಿಳಿವಳಿಕೆ ಈ ಸೀಮೆಗೆ ಹೊಸದೇನಲ್ಲ. ಭಾರಿ ಯಂತ್ರ ತಯಾರಿಸುವ, 1964ರಲ್ಲಿ ಹುಟ್ಟಿದ ಬಿಇಎಂಎಲ್‌ನ ಕೇಂದ್ರ ಕಚೇರಿ ಬೆಂಗಳೂರಿನಲ್ಲಿ, ದೊಡ್ಡ ಕಾರ್ಖಾನೆ ಕೆಜಿಎಫ್‌ನಲ್ಲಿ. ಎಲ್ ಅಂಡ್ ಟಿ–ಕೊಮಾಟ್ಸು ಜಂಟಿ ಕಂಪನಿ 1998ರಲ್ಲಿ ಇದೇ ನಗರದಲ್ಲಿ ಶುರುವಾಯಿತು. ಟಾಟಾ ಹಿಟಾಚಿಯ ಒಂದು ಕಾರ್ಖಾನೆ ಧಾರವಾಡದಲ್ಲಿದೆ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಆರಂಭವಾದ ರಾಜಾಜಿನಗರದ ಸರ್ಕಾರಿ ಟೂಲ್ ರೂಮ್ ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವ ಕೈಗಳನ್ನು ತಯಾರು ಮಾಡಿತು. ವಾರಂಟಿ ಮುಗಿದು ಎರಡನೆಯ, ಮೂರನೆಯ ಮಾಲೀಕನ ಕೈಸೇರಿದ ಯಂತ್ರ ಮಾತ್ರ ಕಂಪನಿಯ ಕೈಪಿಡಿಯನ್ನೂ ಕಂಪ್ಯೂಟರನ್ನೂ ಬಿಟ್ಟು ಬಂದಿರುತ್ತದೆ. ಅದಕ್ಕೆ ಉಳಿಯುವ ದಾರಿ ಇಂಥ ಶೆಡ್ಡುಗಳದೇ.

ಎಣ್ಣೆಯ ಹಾದಿಯಿಂದ ಹೊರಡೋಣ. ಇಪ್ಪತ್ತು ಟನ್ನಿನ ಸಾಮಾನ್ಯ ಯಂತ್ರದಲ್ಲಿ ಎಂಜಿನ್ನು ಎರಡು ಮುಖ್ಯ ಪಿಸ್ಟನ್ ಪಂಪುಗಳನ್ನು ತಿರುಗಿಸುತ್ತದೆ. ಒಂದೊಂದೂ ನಿಮಿಷಕ್ಕೆ ಸುಮಾರು 200 ಲೀಟರ್ ದೂಡಬಲ್ಲದು. ಟ್ರಾವೆಲ್ ಮಾಡುವಾಗ ಒಂದು ಪಂಪು ಎಡಗಾಲಿಗೆ, ಇನ್ನೊಂದು ಬಲಗಾಲಿಗೆ. ಎಣ್ಣೆ ಕಂಟ್ರೋಲ್ ವಾಲ್ವ್ ದಾಟಿ, ಗಾಡಿಯ ನಡುಮಧ್ಯದ ಸ್ವಿವೆಲ್ ಜಾಯಿಂಟಿನ ಮೂಲಕ ಕೆಳಗಿಳಿದು ಮೋಟರ್ ಸೇರುತ್ತದೆ. ಅಲ್ಲಿಂದಾಚೆ ಗೇರುಗಳ ರಿಡಕ್ಷನ್, ಸ್ಪ್ರಾಕೆಟ್, ಚೈನ್. ಮೆಕ್ಯಾನಿಕ್ಕುಗಳ ಮಾತಿನಲ್ಲಿ ಒತ್ತಡದ ಮಿತಿ ಕಾಯುವ ಮುಖ್ಯ ರಿಲೀಫ್ ವಾಲ್ವ್ ಸುಮಾರು ‘350 ಕೆಜಿ ಪ್ರೆಶರ್’, ಲಿವರಿನ ಅಪ್ಪಣೆ ಒಯ್ಯುವ ಪೈಲಟ್ ಎಣ್ಣೆ ಸುಮಾರು 40 ಕೆಜಿ.

‘ಬೆಳಿಗ್ಗೆ ಚೆನ್ನಾಗೇ ಓಡುತ್ತೆ ಸಾರ್, ಊಟ ಆದ್ಮೇಲೆ ಎಡಕ್ಕೆ ಎಳೆಯೋಕೆ ಶುರು ಮಾಡುತ್ತೆ.’ ಆಪರೇಟರುಗಳ ದೂರು ಬಹುತೇಕ ಈ ಧಾಟಿಯಲ್ಲಿರುತ್ತದೆ. ಕೇಳಿದವರು ಹಗುರವಾಗಿ ತೆಗೆದುಕೊಳ್ಳುವ ಈ ಮಾತಿನಲ್ಲಿ ಅರ್ಧ ರೋಗನಿರ್ಣಯ ಅಡಗಿದೆ. ಕಿರಿದಾದ ಸಂದಿನಲ್ಲಿ ಜಾರುವ ಎಣ್ಣೆಯ ಪ್ರಮಾಣ ಸಂದಿನ ಎತ್ತರದ ಘನಕ್ಕೆ ಅನುಗುಣ, ಸ್ನಿಗ್ಧತೆಗೆ ವಿಲೋಮ. ಸವೆತದಿಂದ ಸಂದು 10 ಮೈಕ್ರಾನಿನಿಂದ 20ಕ್ಕೆ ಏರಿದರೆ ಸೋರಿಕೆ ಎರಡು ಪಟ್ಟಲ್ಲ, ಎಂಟು ಪಟ್ಟು. ಅದರ ಮೇಲೆ, 46 ಗ್ರೇಡಿನ ಹೈಡ್ರಾಲಿಕ್ ಆಯಿಲ್ 40 ಡಿಗ್ರಿಯಲ್ಲಿ 46 ಸೆಂಟಿಸ್ಟೋಕ್ ಇದ್ದದ್ದು 80 ಡಿಗ್ರಿ ಮುಟ್ಟುವಷ್ಟರಲ್ಲಿ ಅದರ ಕಾಲು ಭಾಗಕ್ಕೆ ಇಳಿದಿರುತ್ತದೆ. ಸೋರಿದ ಎಣ್ಣೆ ಕೆಲಸ ಮಾಡದೆ ಬರೀ ಶಾಖವಾಗುತ್ತದೆ: 300 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 20 ಲೀಟರ್ ಸೋರಿದರೆ 10 ಕಿಲೋವಾಟ್. ಆ ಶಾಖ ಎಣ್ಣೆಯನ್ನು ಮತ್ತಷ್ಟು ತೆಳ್ಳಗಾಗಿಸಿ ಮತ್ತಷ್ಟು ಸೋರಿಸುತ್ತದೆ. ಆದ್ದರಿಂದ ತಣ್ಣಗಿನ ಯಂತ್ರದ ಮೇಲೆ ಮಾಡಿದ ಪರೀಕ್ಷೆಯನ್ನು ಪರೀಕ್ಷೆ ಎಂದು ಒಪ್ಪಬಾರದು. ಬಿಸಿಯಾಗಲು ಕಾಯುವ ಒಂದು ತಾಸನ್ನು ಉಳಿಸಲು ಹೋಗಿ ಮೋಟರ್ ಬಿಚ್ಚುವುದು ದುಬಾರಿ ಉಳಿತಾಯ.

ಸ್ಪ್ಯಾನರ್ ಹಿಡಿಯುವ ಮುನ್ನ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಮುಂದಕ್ಕೂ ಹಿಂದಕ್ಕೂ ಒಂದೇ ಥರ ವೀಕ್ ಆಗಿದೆಯೇ? ಪಂಪಿಗೆ ದಿಕ್ಕು ಗೊತ್ತಿಲ್ಲ. ಎಡ ಚೈನು ಮುಂದಕ್ಕೆ ಗಟ್ಟಿಯಾಗಿದ್ದು ಹಿಂದಕ್ಕೆ ಮಾತ್ರ ಸೋಲುತ್ತಿದ್ದರೆ ಪಂಪಿನ ಮೇಲೆ ಅನುಮಾನ ಪಡಲು ಕಾರಣವೇ ಇಲ್ಲ. ದಿಕ್ಕು ಬಲ್ಲ ಭಾಗಗಳನ್ನು, ಅಂದರೆ ಸ್ಪೂಲ್, ಪೈಲಟ್ ಲೈನ್, ಮೋಟರಿನ ಆ ಬದಿಯ ಓವರ್‌ಲೋಡ್ ವಾಲ್ವ್, ಸ್ವಿವೆಲ್ಲಿನ ಆ ಒಂದು ಸೀಲ್, ಇವನ್ನೇ ಹಿಡಿಯಬೇಕು. ಹಾಗೆಯೇ ಸೋತ ಕಾಲಿನ ಪಂಪಿನಿಂದಲೇ ನಡೆಯುವ ಬೇರೆ ಕೆಲಸವೂ ನಿಧಾನವಾಗಿದ್ದರೆ ಬೆರಳು ಪಂಪಿನತ್ತ ತಿರುಗುತ್ತದೆ. ಚೈನ್ ಬಿಗಿ ಎರಡೂ ಕಡೆ ಒಂದೇ ಇದೆಯೇ, ರೋಲರ್ ನಡುವೆ ಕಲ್ಲು ಸಿಕ್ಕಿದೆಯೇ ಎಂದು ಮೊದಲೇ ನೋಡಬೇಕೆಂಬುದನ್ನು ಹೇಳಬೇಕಾಗಿಯೇ ಇಲ್ಲ.

ಇಷ್ಟಾದ ಮೇಲೆ ಹೋಸ್ ಅದಲು ಬದಲು. ಎಡಗಾಲು ಸೋತಿದೆ ಎಂದುಕೊಳ್ಳೋಣ. ಪಂಪಿನಿಂದ ಕಂಟ್ರೋಲ್ ವಾಲ್ವಿಗೆ ಬರುವ ಎರಡು ಹೋಸ್‌ಗಳನ್ನು ಪರಸ್ಪರ ಬದಲಿಸಿದಾಗ ದೋಷ ಬಲಗಾಲಿಗೆ ಹಾರಿದರೆ ಅಪರಾಧಿ ಪಂಪು ಅಥವಾ ಅದರ ರೆಗ್ಯುಲೇಟರ್. ಎಡದಲ್ಲೇ ಉಳಿದರೆ ಮೊದಲಿನಂತೆ ಜೋಡಿಸಿ, ವಾಲ್ವಿನಿಂದ ಸ್ವಿವೆಲ್ಲಿಗೆ ಇಳಿಯುವ ಹೋಸ್‌ಗಳನ್ನು ಬದಲಿಸಬೇಕು. ಈಗ ಹಾರಿದರೆ ವಾಲ್ವು ಅಥವಾ ಪೈಲಟ್. ಉಳಿದರೆ ಸ್ವಿವೆಲ್ಲಿಗೂ ಮೋಟರಿಗೂ ನಡುವೆ ಇನ್ನೊಮ್ಮೆ ಅದೇ ಆಟ. ಪ್ರತಿ ಬದಲಾವಣೆಯಲ್ಲೂ ಎಲ್ಲವನ್ನೂ ಸ್ಥಿರವಾಗಿಟ್ಟು ಒಂದನ್ನು ಮಾತ್ರ ಕದಲಿಸುತ್ತೇವೆ. ಪ್ರಯೋಗಾಲಯದವರು ನಿಯಂತ್ರಿತ ಪ್ರಯೋಗ ಎಂದು ಕರೆಯುವುದು ಇದನ್ನೇ. ಇಲ್ಲಿ ಅದು ಗ್ರೀಸಿನ ಕೈಯಲ್ಲಿ ನಡೆಯುತ್ತದೆ, ಅಷ್ಟೇ. ವಾಲ್ವಿನ ಕೆಳಗೆ ಬದಲಿಸಿದಾಗ ಎಡ ಲಿವರಿಗೆ ಬಲ ಚೈನು ತಿರುಗುತ್ತದೆ. ಆಪರೇಟರಿಗೆ ಅದನ್ನು ಮೊದಲೇ ಹೇಳಿ, ಸುತ್ತ ಯಾರೂ ಇಲ್ಲದಂತೆ ನೋಡಿಕೊಳ್ಳದಿದ್ದರೆ ದೋಷಕ್ಕಿಂತ ಪರೀಕ್ಷೆಯೇ ಅಪಾಯ.

ಪ್ರೆಶರ್ ಗೇಜ್ ಇದ್ದರೆ ಇಷ್ಟೆಲ್ಲ ಬೇಕೇ ಎಂದು ಕೇಳುವವರಿದ್ದಾರೆ. ಗೇಜು ಇಲ್ಲಿ ಸುಲಭವಾಗಿ ದಾರಿ ತಪ್ಪಿಸುತ್ತದೆ. ಸ್ಪ್ರಾಕೆಟ್ ತಿರುಗದಂತೆ ತಡೆದು ಲಿವರ್ ಪೂರ್ತಿ ಎಳೆದರೆ, ನಿಮಿಷಕ್ಕೆ 20 ಲೀಟರ್ ಸೋರುವ ಸವೆದ ಮೋಟರಿನಲ್ಲೂ ಮುಳ್ಳು 350ಕ್ಕೆ ಹೋಗಿ ನಿಲ್ಲುತ್ತದೆ. ಏಕೆಂದರೆ ಪಂಪು ಸೋರಿಕೆಗಿಂತ ಎಷ್ಟೋ ಹೆಚ್ಚು ಎಣ್ಣೆ ಕೊಡುತ್ತಿದೆ. ಅಳೆಯಬೇಕಾದದ್ದು ಕೇಸ್ ಡ್ರೇನ್, ಅಂದರೆ ಮೋಟರಿನೊಳಗೆ ಸೋರಿ ಟ್ಯಾಂಕಿಗೆ ಮರಳುವ ಎಣ್ಣೆ. ಎಡ ಮೋಟರಿನ ಡ್ರೇನ್ ಹೋಸ್ ಕಳಚಿ, ಟ್ಯಾಂಕಿನ ಕಡೆಯ ತುದಿಗೆ ಪ್ಲಗ್ ಹಾಕಿ, ಮೋಟರಿನ ಕಡೆಯದನ್ನು ಬಕೆಟ್ಟಿಗೆ ಬಿಟ್ಟು ಒಂದು ನಿಮಿಷ ಹಿಡಿಯುವುದು; ಆಮೇಲೆ ಬಲದ್ದನ್ನೂ ಹಾಗೇ. ಕೈಪಿಡಿಯ ಅಂಕಿ ಸಿಗದಿದ್ದರೂ ಎರಡು ಬಕೆಟ್ಟುಗಳ ಅಂತರ ಕಣ್ಣಿಗೆ ಕಾಣುತ್ತದೆ. ಮೋಟರಿನ ಕಡೆಯ ತುದಿಗೆ ಮಾತ್ರ ಅಪ್ಪಿತಪ್ಪಿಯೂ ಪ್ಲಗ್ ಹಾಕಬಾರದು. ಕೇಸಿನಲ್ಲಿ ಒತ್ತಡ ಏರಿ ಶಾಫ್ಟ್ ಸೀಲ್ ಹಾರುತ್ತದೆ, ಎಣ್ಣೆ ರಿಡಕ್ಷನ್ ಗೇರಿಗೆ ನುಗ್ಗುತ್ತದೆ. ಫೈನಲ್ ಡ್ರೈವಿನ ಲೆವೆಲ್ ಪ್ಲಗ್ ಬಿಚ್ಚಿದ ಕೂಡಲೇ ತೆಳ್ಳಗಿನ ಎಣ್ಣೆ ಚಿಮ್ಮಿದರೆ ಆ ಸೀಲ್ ಮೊದಲೇ ಹೋಗಿದೆ ಎಂದರ್ಥ.

ಈಗ ಮಿತಿಯ ಮಾತು. ಎರಡೂ ಚೈನು ಸಮನಾಗಿ ಸೋತಾಗ ಹೋಲಿಕೆ ಕುರುಡು. ಪೈಲಟ್ ಒತ್ತಡ ಕುಸಿದಿರಬಹುದು, ಸಕ್ಷನ್ ಸ್ಟ್ರೇನರ್ ಕಟ್ಟಿರಬಹುದು, ಎಂಜಿನ್ನೇ ಎಳೆಯದಿರಬಹುದು. ಇಲ್ಲಿ ಗೇಜಿಲ್ಲದೆ ಗತಿಯಿಲ್ಲ. ಎರಡೂ ಮೋಟರ್ ಒಟ್ಟಿಗೆ ಸವೆದಿರುವ ಸಾಧ್ಯತೆಯೂ ಬೆಂಗಳೂರಿನಲ್ಲಿ ಕಡಿಮೆಯಲ್ಲ. ಈ ನಗರದ ಅಡಿಯಲ್ಲಿರುವುದು ಲಾಲ್‌ಬಾಗಿನ ಗುಡ್ಡದಲ್ಲಿ ಹೊರಕ್ಕೆ ಕಾಣುವ, ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಬೇಸ್‌ಮೆಂಟ್ ಅಗೆಯಲು ಹೊರಟ ಯಂತ್ರ ಬಕೆಟ್ ಕಳಚಿ ಕಲ್ಲೊಡೆಯುವ ಬ್ರೇಕರ್ ತೊಡುತ್ತದೆ, ಬ್ರೇಕರ್ ಕಲ್ಲಿನ ಪುಡಿಯನ್ನು ಎಣ್ಣೆಗೆ ಸೇರಿಸುತ್ತದೆ. ಬ್ರೇಕರ್ ಕೆಲಸಕ್ಕೆ ಎಣ್ಣೆ, ಫಿಲ್ಟರ್ ಬದಲಾಯಿಸುವ ಗಂಟೆಗಳನ್ನು ಕಡಿತಗೊಳಿಸಬೇಕೆಂದು ತಯಾರಕರು ಹೇಳುವುದು ಇದಕ್ಕೇ. ಹೋಸ್ ಅದಲು ಬದಲಿಗೂ ಇದೇ ಆಕ್ಷೇಪ ಸಲ್ಲುತ್ತದೆ: ದೂಳಿನ ಸೈಟಿನಲ್ಲಿ ಬಾಯಿ ಮುಚ್ಚದೆ ಬಿಟ್ಟ ಒಂದೊಂದು ಹೋಸೂ ಮುಂದಿನ ಸವೆತದ ಬೀಜ. ಆದ್ದರಿಂದ ಏನನ್ನೂ ಬಿಚ್ಚದೆ ಆಗುವ ಪರೀಕ್ಷೆಗಳೇ ಮೊದಲು: 20 ಮೀಟರ್ ನೇರ ಓಡಿಸಿ ವಾಲನ್ನು ಅಳೆಯುವುದು, ಬೂಮಿನಿಂದ ಒಂದು ಬದಿ ಎತ್ತಿ ಚೈನಿನ ಸುತ್ತುಗಳನ್ನು ಗಡಿಯಾರ ಹಿಡಿದು ಎಣಿಸುವುದು, ಎರಡು ಮೋಟರುಗಳ ಬಿಸಿಯನ್ನು ಹೋಲಿಸುವುದು.

ಬಿಚ್ಚಿದ ಮೋಟರಿನಲ್ಲಿ ಸಾಕ್ಷ್ಯ ಇರುವುದು ಸಿಲಿಂಡರ್ ಬ್ಲಾಕಿಗೂ ವಾಲ್ವ್ ಪ್ಲೇಟಿಗೂ ನಡುವಿನ ಮುಖದಲ್ಲಿ. ಒಂದು ರಂಧ್ರದಿಂದ ಇನ್ನೊಂದಕ್ಕೆ ಬಾಗಿ ಹರಿದ ಸಣ್ಣ ಗೀರುಗಳು, ಕೇಸಿನ ತಳದಲ್ಲಿ ಹೊಳೆಯುವ ಹಿತ್ತಾಳೆ ಬಣ್ಣದ ಪುಡಿ. ಈ ಮುಖಗಳನ್ನು ಲ್ಯಾಪಿಂಗ್ ಮಾಡಿ ಮತ್ತೆ ಕೂರಿಸಬಹುದು, ಹೊಸ ಮೋಟರಿನ ಬೆಲೆಯ ಮುಂದೆ ಅದು ಅಗ್ಗ. ಆದರೆ ಪ್ಲೇಟಿನ ಮೇಲ್ಪದರ ನೈಟ್ರೈಡ್ ಮಾಡಿ ಗಟ್ಟಿಗೊಳಿಸಿದ್ದಾಗಿದ್ದು, ಲ್ಯಾಪಿಂಗಿನಲ್ಲಿ ಆ ಪದರವೇ ಹೋದರೆ ದುರಸ್ತಿ ಹೆಚ್ಚು ದಿನ ಬಾಳದು. ಎಷ್ಟು ತೆಗೆದೆವು ಎಂದು ಅಳೆಯದೆ ಕನ್ನಡಿಯಂತೆ ಹೊಳೆಸಿ ಕೊಡುವ ಕೆಲಸವನ್ನು ನಾನು ದುರಸ್ತಿ ಎನ್ನಲಾರೆ. ಮೋಟರ್ ಕೂರಿಸುವಾಗ ಹಳೆಯ ಪುಡಿ ಹೋಸ್‌ಗಳಲ್ಲೂ ಸ್ವಿವೆಲ್ಲಿನಲ್ಲೂ ಉಳಿದಿರುತ್ತದೆ, ಅವನ್ನು ತೊಳೆಯಬೇಕು. ಎಂಜಿನ್ ಚಾಲೂ ಮಾಡುವ ಮುನ್ನ ಮೋಟರಿನ ಕೇಸಿಗೆ ಡ್ರೇನ್ ಬಾಯಿಂದ ಶುದ್ಧ ಎಣ್ಣೆ ತುಂಬಬೇಕು. ಒಣಗಿದ ಕೇಸಿನಲ್ಲಿ ತಿರುಗಿದರೆ ಹೊಸ ಮುಖಗಳ ಮೇಲೆ ಮೊದಲ ಓಟದಲ್ಲೇ ಗೀರು ಬೀಳುತ್ತವೆ.